ದಫ್ತರಕ್ಕೆ ಬೆಂಕಿ: ಕಲ್ಪಿತ ನಾಡೊಂದರ ದಂಗೆಯನ್ನು ನಾನು ಬರೆದ ಬಗೆ

ಮಾಂತ್ರಿಕ ಲೋಕದ ಸಾಹಸ ಕಾದಂಬರಿಯೊಂದನ್ನು ಬರೆಯಲು ಹೊರಟಾಗ ನಾನು ಮೊದಲು ತೀರ್ಮಾನಿಸಿದ್ದು, ಕೊಂದೊಡನೆ ಕಥೆ ಮುಗಿದುಹೋಗುವಂಥ ಖಳನಾಯಕ ಅದರಲ್ಲಿ ಇರಕೂಡದು ಎಂಬುದನ್ನು. ಅಜ್ಜಿಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುವಂತೆ, ಈ ಬಗೆಯ ಕಾದಂಬರಿಗಳಲ್ಲಿ ಸಾಮ್ರಾಜ್ಯದ ಪ್ರಾಣವೆಲ್ಲ ಒಬ್ಬ ದುಷ್ಟ ದೊರೆಯಲ್ಲಿರುತ್ತದೆ. ವಸಾಹತು ಆಳ್ವಿಕೆಯ ಚರಿತ್ರೆಯಲ್ಲಿ ಅಂಥ ಗಿಳಿ ಸಿಗುವುದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಕಥೆಯಾಗಿದ್ದರೆ ಅಲ್ಲಿಗೇ ಮಂಗಳ ಹಾಡಬಹುದಿತ್ತು. ಆದರೆ ಡಿಸೆಂಬರ್ ತಿಂಗಳಲ್ಲಿ ಇನ್ನೂ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು, ಕಲೆಕ್ಟರನ ಸ್ಥಾನಕ್ಕೆ ಇನ್ನೊಬ್ಬ ಬಂದ, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ತೀರಿಕೊಂಡಳು. ಆದ್ದರಿಂದ ನನ್ನ ಕಥೆಯ ವೈರಿಯನ್ನು ಒಂದು ವ್ಯಾಪಾರಿ ಕೂಟವನ್ನಾಗಿ ಮಾಡಿಕೊಂಡೆ. ಅದರ ಯಜಮಾನರು ಸಮುದ್ರದಾಚೆ ಕುಳಿತು ಲಾಭ ಹಂಚಿಕೊಳ್ಳುತ್ತಾರೆ. ಓದುಗರಿಗೆ ಅವರು ಒಮ್ಮೆಯೂ ಮುಖ ತೋರಿಸುವುದಿಲ್ಲ.

ಮುಖವೇ ಇಲ್ಲದ ವೈರಿಯ ಮೇಲೆ ನಾಯಕಿ ಎಲ್ಲಿಗೆ ಗುರಿ ಇಡಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟವನು ಸಂಗೊಳ್ಳಿ ರಾಯಣ್ಣ. ಅವನು ಶೇತಸನದಿ, ಅಂದರೆ ಸಂಸ್ಥಾನದ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ವರ್ಗದವನು. ಕಿತ್ತೂರು ಬಿದ್ದ ಮೇಲೆ ಇಂಥವರ ಭೂಮಿಯ ಮೇಲೆ ಹೊಸ ಕಂದಾಯ ಬಂತು, ಹಲವರ ಭೂಮಿ ಕೈಬಿಟ್ಟೇ ಹೋಯಿತು. 1830ರಲ್ಲಿ ಅವನ ದಂಡು ಹೊಡೆದ ಗುರಿಗಳನ್ನು ನೋಡಿದರೆ ಕಚೇರಿ, ಖಜಾನೆ, ಅಲ್ಲಿನ ಕಾಗದಪತ್ರಗಳು ಎದ್ದುಕಾಣುತ್ತವೆ. ಬೀಡಿ ಎಂಬ ಊರಿನ ಕಚೇರಿಗೆ ಬೆಂಕಿಯಿಟ್ಟದ್ದು ಅವುಗಳಲ್ಲಿ ಒಂದು. ಯಾವ ಹೊಲ ಯಾರದು, ಅದಕ್ಕೆ ಎಷ್ಟು ಕಂದಾಯ, ಬಾಕಿ ಎಷ್ಟು ಎಂಬುದೆಲ್ಲ ಆ ದಫ್ತರದಲ್ಲಿತ್ತು. ಅದನ್ನು ಸುಡುವುದು ಆವೇಶದ ಕೆಲಸವೆಂದು ಪಠ್ಯಪುಸ್ತಕಗಳನ್ನು ಓದಿದವರಿಗೆ ಅನ್ನಿಸಬಹುದು. ನನಗೆ ಅದು ಇಡೀ ದಂಗೆಯ ಅತ್ಯಂತ ಲೆಕ್ಕಾಚಾರದ ಕೃತ್ಯವಾಗಿ ಕಂಡಿತು.

ನನ್ನ ಲೋಕದ ಮಂತ್ರಶಕ್ತಿಯ ನಿಯಮ ಇಲ್ಲಿಂದಲೇ ಹುಟ್ಟಿತು. ಅಲ್ಲಿ ಯಾವ ಹೊಳೆಯ, ಕಾಡಿನ, ಮನುಷ್ಯನ ಹೆಸರು ಕೂಟದ ದಫ್ತರದಲ್ಲಿ ದಾಖಲಾಗುತ್ತದೆಯೋ ಅದು ಕೂಟದ ಮಾತು ಕೇಳುತ್ತದೆ. ದಂಗೆಕೋರರು ಕಚೇರಿಗೆ ನುಗ್ಗುವ ಅಧ್ಯಾಯದ ಮೇಲೆ ನಾನು ಉಳಿದೆಲ್ಲ ಯುದ್ಧಗಳಿಗಿಂತ ಹೆಚ್ಚು ಹೊತ್ತು ಕಳೆದಿದ್ದೇನೆ. ರುಮಾಲಿನಲ್ಲಿ ಬಿಗಿದು ಕಟ್ಟಿಟ್ಟ ಕಾಗದದ ಗಂಟಿಗೆ ಕಿಚ್ಚಿಟ್ಟರೆ ಅಂಚು ಕರಕಾಗುತ್ತದೆ, ಒಳಗಿನ ಹಾಳೆಗಳು ಹಾಗೆಯೇ ಉಳಿಯುತ್ತವೆ. ಸುಡಬೇಕೆಂದರೆ ಗಂಟು ಬಿಚ್ಚಬೇಕು, ಹಾಳೆಗಳನ್ನು ಹರವಿ ಹಾಕಬೇಕು, ಯಾವ ಗಂಟು ಯಾವ ಊರಿನದೆಂದು ಓದಿ ಹೇಳುವವರೂ ಬೇಕು. ಹೀಗಾಗಿ ಕೂಟದ ಗುಮಾಸ್ತನೊಬ್ಬ ಆ ರಾತ್ರಿ ದಂಗೆಕೋರರಿಗೆ ಅನಿವಾರ್ಯನಾಗುತ್ತಾನೆ. ಅವನು ದೀಪ ಹಿಡಿದು ಒಂದೊಂದೇ ಹೆಸರು ಓದುತ್ತಿರುವಾಗ, ಹೊರಗೆ ಕುದುರೆಗಳ ಸದ್ದು ಹತ್ತಿರವಾಗುತ್ತಿರುವಾಗ, ದಂಡಿನ ಮುದುಕನೊಬ್ಬ ತನ್ನ ಹೊಲದ ಹಾಳೆಯನ್ನು ಮಾತ್ರ ಬಿಡಬೇಕೆಂದು ಪಟ್ಟುಹಿಡಿಯುತ್ತಾನೆ, ಏಕೆಂದರೆ ಆ ಹೊಲ ತನ್ನದೆಂಬುದಕ್ಕೆ ಅವನ ಬಳಿ ಬೇರೆ ಆಧಾರವಿಲ್ಲ. ಕತ್ತಿವರಸೆಯ ಯಾವ ಪುಟವೂ ನನಗೆ ಇಷ್ಟು ಬಿಗಿಯಾಗಿ ಒದಗಿಬಂದಿರಲಿಲ್ಲ.

ಆಯುಧಗಳ ವಿಷಯದಲ್ಲಿ ಹಲಗಲಿ ನೆರವಿಗೆ ಬಂತು. 1857ರಲ್ಲಿ ಜನರ ಕೈಯಲ್ಲಿರುವ ಆಯುಧಗಳನ್ನು ಕಸಿಯುವ ಕಾನೂನು ಬಂದಾಗ ಅಲ್ಲಿನ ಬೇಡರು ಅವುಗಳನ್ನು ಒಪ್ಪಿಸಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಕಥೆಯನ್ನು ಹೇಳುವ ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಳಗದ ವರ್ಣನೆಯಲ್ಲ, ಲೂಟಿಯಾದ ವಸ್ತುಗಳ ಪಟ್ಟಿ: ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲದಿಂದ ಹಿಡಿದು ಮಂಗಳಸೂತ್ರ, ಬೀಸುವ ಕಲ್ಲಿನವರೆಗೆ. ಊರು ಸುಟ್ಟುಹೋಯಿತೆಂದು ಬರೆಯಬಹುದಾದ ಜಾಗದಲ್ಲೆಲ್ಲ ನಾನು ಈಗ ಮನೆಯಿಂದ ಏನೇನು ಹೋಯಿತೆಂದು ಬರೆಯುತ್ತೇನೆ. (ದಂತಕಥೆಯ ಖಡ್ಗಗಳ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಉತ್ಸಾಹವೂ ಆ ಪಟ್ಟಿಯ ಮುಂದೆ ತಣ್ಣಗಾಯಿತು.)

ಅಜ್ಞಾತ ರಾಜಕುಮಾರನನ್ನು ಮಾತ್ರ ಕೈಬಿಡಲಿಲ್ಲ. ಹೊಲದಲ್ಲಿ ಬೆಳೆದ ಹುಡುಗ ಸಿಂಹಾಸನದ ನಿಜವಾದ ಹಕ್ಕುದಾರನೆಂದು ಕೊನೆಗೆ ತಿಳಿಯುವ ತಂತ್ರ ಸವೆದುಹೋಗಿದೆ ಎಂದು ವಿಮರ್ಶಕರು ಹೇಳುತ್ತಾರೆ. ಆದರೆ ವಸಾಹತು ಕಾಲದ ನಮ್ಮ ದಂಗೆಗಳಲ್ಲಿ ಅದು ಮತ್ತೆ ಮತ್ತೆ ನಿಜವಾಗಿಯೇ ಬಳಕೆಯಾಗಿದೆ. ರಾಯಣ್ಣ ಹೋರಾಡಿದ್ದು ಕಿತ್ತೂರು ಅರಸುಮನೆತನದ ದತ್ತುಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ. ಮಲೆನಾಡಿನ ನಗರ (ಬಿದನೂರು) ಸೀಮೆಯ ದಂಗೆಯಲ್ಲಿ ಬೂದಿ ಬಸವಪ್ಪ ತಾನೇ ಆ ಸೀಮೆಯ ಅರಸುತನಕ್ಕೆ ಹಕ್ಕುದಾರನೆಂದ. ಎಲ್ಲಕ್ಕಿಂತ ರೋಚಕವಾದದ್ದು 1837ರ ಅಮರ ಸುಳ್ಯದ ದಂಗೆ. ಕೊಡಗಿನ ಅರಸರ ಕಾಲದಲ್ಲಿ ಅಲ್ಲಿನ ರೈತರು ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದರು. 1834ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ ಆ ಪ್ರದೇಶವನ್ನು ಕೆನರಾ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ನಗದಾಗಿಯೇ ಕೊಡಬೇಕೆಂದು ಒತ್ತಾಯಿಸಲಾಯಿತು. ಕೈಯಲ್ಲಿ ಭತ್ತವಿದ್ದು ನಾಣ್ಯವಿಲ್ಲದ ರೈತ ಸಾಹುಕಾರನ ಬಾಗಿಲಿಗೆ ಹೋಗಲೇಬೇಕಾಯಿತು. ದಂಡೆದ್ದ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿಗೆ ನುಗ್ಗಿ, ಸುಮಾರು ಎರಡು ವಾರ ಆ ಪಟ್ಟಣವನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಅವರ ಮುಂದೆ ನಡೆದವನು ಕೊಡಗನ್ನು ಆಳಿದ್ದ ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಘೋಷಿತನಾಗಿದ್ದ. ಪುಟ್ಟಬಸಪ್ಪನೆಂಬ ರೈತನೇ ಆ ವೇಷ ತೊಟ್ಟಿದ್ದನೆಂದು ಚರಿತ್ರೆಯನ್ನು ಕೆದಕಿದವರು ಗುರುತಿಸಿದ್ದಾರೆ.

ನನ್ನ ಕಾದಂಬರಿಯ ರಾಜಕುಮಾರನೂ ಹಾಗೆಯೇ ರಾಜಕುಮಾರನಲ್ಲ, ಮತ್ತು ಅದು ದಂಡಿನ ಮುಖಂಡರಿಗೆಲ್ಲ ಗೊತ್ತಿದೆ. ಕಂದಾಯ ಹೆಚ್ಚಾಯಿತೆಂಬ ಸಂಕಟಕ್ಕೆ ಹತ್ತೂರು ಒಂದಾಗಲು ಒಂದು ಹೆಸರು ಬೇಕು. ಅರಸನ ಹೆಸರು ಎಲ್ಲರಿಗೂ ಪರಿಚಿತವಾದದ್ದು. ಆ ಹುಡುಗ ತನ್ನ ವೇಷವನ್ನು ನಂಬತೊಡಗುವ ಹಂತ, ಮುಖಂಡರು ಅದನ್ನು ಗಮನಿಸಿ ಅಂಜುವ ಹಂತ, ಇವೆರಡರ ನಡುವೆ ಕಥೆಯ ಎರಡನೆಯ ಭಾಗವಿಡೀ ಸಾಗುತ್ತದೆ. ನಗರದ ದಂಗೆಯ ಫಲವನ್ನು ನೆನೆದರೆ ಮುಖಂಡರ ಅಂಜಿಕೆಗೆ ಕಾರಣವಿದ್ದೇ ಇದೆ: ಮೈಸೂರು ಅರಸರ ಆಡಳಿತದ ವಿರುದ್ಧ ಎದ್ದ ಆ ದಂಗೆಯನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡರು, ಅದನ್ನು ಹಿಂದಿರುಗಿಸಿದ್ದು 1881ರಲ್ಲಿ.

ಕೂಟದ ಪರ ನಿಂತ ಊರಿನವರನ್ನು ಚಿತ್ರಿಸುವುದು ಇದಕ್ಕಿಂತ ಕಷ್ಟದ ಕೆಲಸ. ಅವರನ್ನು ದ್ರೋಹಿಗಳೆಂದು ಒಂದೇ ಬಣ್ಣ ಬಳಿಯುವುದು ಸುಲಭ, ಕಥೆಗೆ ಅದರಿಂದ ಪ್ರಯೋಜನ ಕಡಿಮೆ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯ ದಿನಗಳಲ್ಲಿ ಉತ್ತರ ಕನ್ನಡದ ಸಿದ್ದಾಪುರದಲ್ಲಿ ರೈತರ ಜಮೀನನ್ನು ಸರಕಾರ ಜಪ್ತಿ ಮಾಡಿ ಹರಾಜು ಹಾಕಿದಾಗ ಕೊಂಡವರೂ ಸ್ಥಳೀಯರೇ. ಸತ್ಯಾಗ್ರಹಿ ಹೆಂಗಸರು ಹೋಗಿ ಅಂಥವರ ಮನೆಬಾಗಿಲಲ್ಲಿ ಉಪವಾಸ ಕುಳಿತರು. ಇದನ್ನು ಕಲ್ಪಿತ ಲೋಕಕ್ಕೆ ತಂದಾಗ ನಾನು ಕಥೆಯನ್ನು ಬಾಗಿಲ ಒಳಗಿನವರ ಕಣ್ಣಿನಿಂದ ಹೇಳಿದೆ. ಹೊರಗೆ ಕುಳಿತವಳು ನೆಂಟಳು, ಒಲೆಯ ಮೇಲೆ ಅಡುಗೆಯಿದೆ, ಉಣ್ಣಲು ಯಾರಿಗೂ ಕೈ ಏಳುತ್ತಿಲ್ಲ. ಮಂತ್ರದ ಸೋಂಕೇ ಇಲ್ಲದ ಅಧ್ಯಾಯವದು.

ಮುಕ್ತಾಯಕ್ಕೆ ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಚರಿತ್ರೆಯನ್ನು ಆಧಾರ ಮಾಡಿಕೊಂಡೆ. 1791ರಲ್ಲಿ ದಂಗೆಯೆದ್ದ ಗುಲಾಮರು 1804ರಲ್ಲಿ ಸ್ವತಂತ್ರ ರಾಷ್ಟ್ರವನ್ನೇ ಕಟ್ಟಿದರು. ಸಾಹಸ ಕಥೆಯೂ ಬಯಸದಷ್ಟು ದೊಡ್ಡ ಗೆಲುವು ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಮಾನ್ಯತೆ ಬೇಕಾದರೆ ಹಳೆಯ ತೋಟದ ಮಾಲೀಕರಿಗೆ ಆದ ನಷ್ಟಕ್ಕೆ 15 ಕೋಟಿ ಫ್ರಾಂಕ್ ತೆರಬೇಕೆಂದಿತು. 1838ರಲ್ಲಿ ಮೊತ್ತ 9 ಕೋಟಿಗೆ ಇಳಿದರೂ ಆ ಸಾಲದ ಹೊರೆ ತಲೆಮಾರುಗಳ ಮೇಲೆ ಬಿತ್ತು. ನನ್ನ ಕೊನೆಯ ಅಧ್ಯಾಯದಲ್ಲಿಯೂ ವಿಜಯೋತ್ಸವ ನಡೆಯುತ್ತಿರುವಾಗ ಬಂದರಿಗೆ ಹಡಗೊಂದು ಬರುತ್ತದೆ. ಅದರಿಂದ ಇಳಿಯುವವನ ಕೈಯಲ್ಲಿ ಆಯುಧವಿಲ್ಲ, ಲೆಕ್ಕದ ಚೀಟಿಯಿದೆ. ಹಸ್ತಪ್ರತಿ ಓದಿದ ಗೆಳೆಯರು ಗೆಲುವಿನಲ್ಲಿಯೇ ನಿಲ್ಲಿಸಬೇಕೆಂದು ಹೇಳಿದರು. ನಾನು ಒಪ್ಪಲಿಲ್ಲ, ಏಕೆಂದರೆ ಮುಂದಿನ ಸಂಪುಟ ಶುರುವಾಗುವುದೇ ಅಲ್ಲಿಂದ. ಅದಕ್ಕೆ ಈಗ 1942ರ ಈಸೂರನ್ನು ಓದುತ್ತಿದ್ದೇನೆ: ಮೈಸೂರು ಸಂಸ್ಥಾನದ ಆ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಹುಡುಗನೊಬ್ಬನನ್ನು ಅಮಲ್ದಾರನನ್ನಾಗಿ, ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿ ನೇಮಿಸಿತ್ತು. ಗೆದ್ದ ನಾಡು ಹೊಸ ದಫ್ತರ ಬರೆಯಲು ಹಳೆಯ ಗುಮಾಸ್ತನನ್ನೇ ಕರೆಯಬೇಕಾಗುತ್ತದೆ. ಕಂದಾಯ ಎಷ್ಟಿರಬೇಕೆಂಬ ಜಗಳದಲ್ಲಿ ಅವನೂ ನಾಯಕಿಯೂ ಎದುರುಬದುರಾಗುವಲ್ಲಿಗೆ ಸದ್ಯ ನನ್ನ ಬರವಣಿಗೆ ಬಂದು ನಿಂತಿದೆ.