ಬೊನೆವಿಲ್ ಟ್ಯಾಂಕಿಗೆ ಬಣ್ಣ ಹೊಡೆಸಲಿಲ್ಲ, ಆದರೂ ಹರಾಜಲ್ಲಿ ಹೋಯಿತು

ಕೊನೆಗೂ ಗಾಡಿ ಹೋಯಿತು. 1970ರ ಟ್ರಯಂಫ್ ಬೊನೆವಿಲ್ ಬೈಕ್, ಟಿ120 ಮಾಡೆಲ್, 650 ಸಿಸಿ. ಇಂಗ್ಲೆಂಡಿನ ಸ್ಟಾಫರ್ಡ್ ಕಡೆಯ ಹರಾಜಿನಲ್ಲಿ ಸುತ್ತಿಗೆ ಬಿದ್ದಿದ್ದು 8,600 ಪೌಂಡಿಗೆ. ಟ್ಯಾಂಕಿಗೆ ಬಣ್ಣ ಹೊಡೆಸದೆ ತಗೊಂಡು ಹೋಗಬೇಡ, ಐದು ಸಾವಿರ ದಾಟಲ್ಲ ಅಂದವರೇ ಈಗ ಫೋನ್ ಮಾಡಿ ಏನು ಮಾಡಿದೆ ಹೇಳು ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಇಲ್ಲೇ ಬರೆದುಬಿಡುತ್ತೇನೆ.

ನಾನಿರುವುದು ಕೊವೆಂಟ್ರಿಯಲ್ಲಿ. ಈ ಗಾಡಿ ಹುಟ್ಟಿದ ಮೆರಿಡನ್ ಇಲ್ಲೇ ಪಕ್ಕದ ಊರು. ಫ್ಯಾಕ್ಟರಿ 1983ರಲ್ಲಿ ಮುಚ್ಚಿತು, ಈಗ ಆ ಜಾಗದಲ್ಲಿ ಮನೆಗಳಿವೆ, ಒಂದು ಬೀದಿಗೆ ಬೊನೆವಿಲ್ ಕ್ಲೋಸ್ ಅಂತಲೇ ಹೆಸರು. ಗಾಡಿ ಸಿಕ್ಕಿದ್ದು ಒಬ್ಬ ಅಜ್ಜನ ಶೆಡ್ಡಿನಲ್ಲಿ, ಇಪ್ಪತ್ತು ವರ್ಷದಿಂದ ನಿಂತಿತ್ತು. 2,800 ಕೊಟ್ಟೆ. ಎಂಜಿನ್ ನಂಬರೂ ಫ್ರೇಮ್ ನಂಬರೂ ಒಂದೇ, ಅಂದರೆ ಎರಡೂ ಕಾರ್ಖಾನೆಯಿಂದ ಒಟ್ಟಿಗೇ ಬಂದವು. ನಂಬರ್ ಹೊಡೆದ ಪಟ್ಟಿಯ ಮೇಲೆ ಸಣ್ಣ ಸಣ್ಣ ಟ್ರಯಂಫ್ ಗುರುತುಗಳು ಹಾಗೇ ಇದ್ದವು, ಯಾರೂ ಅರ ಹಾಕಿ ಉಜ್ಜಿ ಮತ್ತೆ ಹೊಡೆದಿರಲಿಲ್ಲ. ಅದನ್ನು ನೋಡಿದ ಮೇಲೆ ನಾನು ಚೌಕಾಸಿ ಮಾಡಲಿಲ್ಲ.

ಟ್ಯಾಂಕಿನ ಹೊರಗೆ ಕಾರ್ಖಾನೆಯ ಆಸ್ಟ್ರಲ್ ರೆಡ್ ಮತ್ತು ಬೆಳ್ಳಿ ಬಣ್ಣ. ಗೆರೆ ಒಂದು ಕಡೆ ಮಾಸಿತ್ತು ಅಷ್ಟೆ. ಮುಚ್ಚಳ ತೆಗೆದು ಟಾರ್ಚ್ ಹಾಕಿದರೆ ಒಳಗೆ ಬರೀ ತುಕ್ಕು, ಪಾಳು ಬಾವಿ! ಸೀಲರ್ ಸುರಿದುಬಿಡು ಅಂದ ಒಬ್ಬ ಗೆಳೆಯ, ಅಂದರೆ ತುಕ್ಕಿನ ಮೇಲೆ ಪದರವಾಗಿ ಕೂರುವ ದ್ರವ. ಹಿಂದೆ ಇನ್ನೊಂದು ಗಾಡಿಗೆ ಅದನ್ನೂ ಮಾಡಿದ್ದೆ. 2021ರಲ್ಲಿ ಇಲ್ಲಿ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆಸಿದ ಇ10 ಪೆಟ್ರೋಲ್ ಬಂತಲ್ವಾ, ಎಥನಾಲಿಗೆ ಆ ಸೀಲರ್ ಮೆತ್ತಗಾಗಿ, ಹಾಲಿನ ಕೆನೆ ಥರ ಎದ್ದು, ಪೆಟ್ರೋಲ್ ಕಾಕಿನಲ್ಲಿ ಹೋಗಿ ಕೂತಿತು. ಗಾಡಿಯನ್ನು ಮೂರು ಮೈಲಿ ತಳ್ಳಿದ್ದೇನೆ. ಸಿಟ್ರಿಕ್ ಆಸಿಡ್ ಕೂಡ ಒಂದು ಗುಜರಿ ಟ್ಯಾಂಕಿನ ಮೇಲೆ ನೋಡಿದೆ. ತುಕ್ಕೇನೋ ಹೋಯಿತು. ತೊಳೆದಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕಿತ್ತಳೆ ಬಣ್ಣ.

ಹಾಗಾಗಿ ಕರೆಂಟ್ ಹಾಯಿಸಿ ತುಕ್ಕು ಬಿಡಿಸುವ ದಾರಿ ಹಿಡಿದೆ: ವಾಷಿಂಗ್ ಸೋಡಾ, ನೀರು, ಹಳೇ ಬ್ಯಾಟರಿ ಚಾರ್ಜರ್. ಮೈನಸ್ ಟ್ಯಾಂಕಿಗೆ, ಪ್ಲಸ್ ಒಳಗೆ ಇಳಿಬಿಟ್ಟ ಸಾದಾ ಕಬ್ಬಿಣದ ಸರಳಿಗೆ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ, ವಿಷದ ಕ್ರೋಮಿಯಂ ಬಿಡುತ್ತದೆ. ಬಯಲಲ್ಲೇ ಮಾಡಿ, ಏಳುವ ಗುಳ್ಳೆಗಳು ಹೈಡ್ರೋಜನ್. ಮೊದಲ ದಿನವೇ ಸರಳು ವಾಲಿ ಟ್ಯಾಂಕಿಗೆ ತಾಗಿತು, ಚಾರ್ಜರ್ ಸತ್ತಿತು, 45 ಪೌಂಡ್ ಹೋಯಿತು. ಎರಡನೇ ಚಾರ್ಜರ್ ತಂದು ಸಂಜೆ ಹೊತ್ತಿಗೆ ಬಂದು ನೋಡಿದರೆ ಟ್ಯಾಂಕಿನ ಬಾಯಿಂದ ಕಂದು ನೊರೆ, ರಾಗಿ ಅಂಬಲಿ ಉಕ್ಕಿದ ಹಾಗೆ. ಸೋಡಾ ನೀರು ಬಣ್ಣ ತಿನ್ನುತ್ತದೆ ಅಂತ ಗೊತ್ತಿದ್ದೇ ಬಾಯಿಯ ಸುತ್ತ ವ್ಯಾಸಲೀನ್ ಬಳಿದು ಪ್ಲಾಸ್ಟಿಕ್ ಸುತ್ತಿದ್ದೆ. ಆದರೂ ಒಂದು ಹನಿ ಹೇಗೋ ಇಳಿದು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಬಣ್ಣ ಎಬ್ಬಿಸಿತು. ಅದನ್ನು ಮುಟ್ಟಲಿಲ್ಲ, ಹಾಗೇ ಬಿಟ್ಟೆ.

ನಾಲ್ಕೈದು ದಿನ ಹಿಡಿಯಿತು. ದಿನಾ ಸಂಜೆ ಸರಳು ತೆಗೆದು ಕೆರೆದು ಮತ್ತೆ ಇಳಿಬಿಡಬೇಕು. ಸರಳಿಗೆ ಎದುರಾಗಿರುವ ಕಡೆ ಬೇಗ ಬಿಡುತ್ತದೆ, ಫ್ರೇಮಿನ ಆಚೀಚೆ ಇಳಿಯುವ ಎರಡು ಹೊಟ್ಟೆಗಳಲ್ಲಿ ಬಿಡುವುದೇ ಇಲ್ಲ. ಅಲ್ಲಿಗೆ ಸರಳನ್ನು ಹೇಗೆ ಬಗ್ಗಿಸಿದೆ, ಕೊನೆಯ ನೀರು ಚೆಲ್ಲಿದ ಮೇಲೆ ಮತ್ತೆ ತುಕ್ಕು ಹಿಡಿಯದ ಹಾಗೆ ಏನು ಹಾಕಿದೆ, ಇವೆರಡು ನನ್ನ ಹತ್ತಿರವೇ ಇರಲಿ. ಇನ್ನೂ ಎರಡು ಗಾಡಿ ಮಾರುವುದಿದೆ.

ನಡುವೆ ಒಂದು ತಮಾಷೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳತೆಯಾಗಿ ಹೋಗುವ ಸಣ್ಣ ಹಿತ್ತಾಳೆ ಜೆಟ್‌ಗಳು ಕಪ್ಪಾಗಿದ್ದವು. ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ, "ದೇವರ ದೀಪ ಉಜ್ಜಲ್ವೇನೋ, ಹುಣಸೆಹಣ್ಣು ಹಾಕು" ಅಂದರು. ಫಳಫಳ ಹೊಳೆದವು. ಅದೇ ಉತ್ಸಾಹದಲ್ಲಿ ತುಕ್ಕು ಹಿಡಿದ ನಟ್ಟುಗಳನ್ನೂ ಹುಣಸೆ ನೀರಲ್ಲಿ ಎರಡು ವಾರ ಮುಳುಗಿಸಿಟ್ಟೆ. ಗ್ಯಾರೇಜೆಲ್ಲ ಹುಳಿ ವಾಸನೆ, ನಟ್ಟು ಅರ್ಧಂಬರ್ಧ. ಆಮಲ್ ಕಂಪನಿಯ ಈ ಕಾರ್ಬ್ಯುರೇಟರಿನ ಮೈಗೆ ಮಾತ್ರ ಹುಳಿ ತಾಗಿಸಬೇಡಿ. ಅದರೊಳಗೆ ನಿಧಾನದ ಓಟಕ್ಕೆ ಪೆಟ್ರೋಲ್ ಹೋಗುವ ಸಣ್ಣ ಪೈಲಟ್ ದಾರಿ ಕಟ್ಟಿದ್ದರೆ ತೆಳು ಗಿಟಾರ್ ತಂತಿ ಸಾಕು.

ಉಳಿದ ಕೆಲಸ ಮಾಮೂಲಿ. ಬೋರ್, ಪಿಸ್ಟನ್, ಬೇರಿಂಗ್ ಶೆಲ್, ಕ್ಲಚ್, ಟೈರ್, ಸೈಲೆನ್ಸರಿಗೆ ಕ್ರೋಮ್. ಎಂಜಿನ್ನಿನ ಕ್ರ್ಯಾಂಕಿನಲ್ಲಿ ಆಯಿಲಿನ ಗಸಿ (ಸ್ಲಜ್) ಕೂರುವ ಕೊಳವೆ, ಸ್ಲಜ್ ಟ್ರ್ಯಾಪ್, ಬಿಚ್ಚಿದರೆ ಒಳಗೆ ಕಪ್ಪು ಮೇಣ. ಕೆರೆದು ಉಪ್ಪಿನಕಾಯಿ ಬಾಟಲಿಗೆ ತುಂಬಿಟ್ಟೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಹೊಟ್ಟೆ ಉರಿದಿದ್ದು ವೈರಿಂಗಿನಲ್ಲಿ. ಈ ಗಾಡಿಗೆ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ಹೋಗುವುದು ಫ್ರೇಮಿಗೆ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಬ್ಯಾಟರಿ ಉಲ್ಟಾ ಕೊಟ್ಟೆ. ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್ ಡಬ್ಬಿ, ನೂರಾಹತ್ತೋ ಏನೋ ಕೊಟ್ಟಿದ್ದು, ಒಂದು ಎಳೆ ಹೊಗೆ ಬಿಟ್ಟು ಸುಮ್ನಾಯಿತು. ಕಿಡಿಗೆ ಮತ್ತೆ ಹಳೇ ಕಾಲದ ಪಾಯಿಂಟ್ಸ್ ಹಾಕಿದೆ. ಅದರಲ್ಲೇ ಮಾರಿದೆ. ಗಾಡಿಗೆ ಕೊಟ್ಟಿದ್ದು ಬಿಟ್ಟು ಒಟ್ಟು ಖರ್ಚು 3,700ರ ಆಸುಪಾಸು, ಹದಿನಾಲ್ಕು ತಿಂಗಳು.

ಹರಾಜಿನವರು ಕ್ಯಾಟಲಾಗಿನಲ್ಲಿ ಐದರಿಂದ ಆರು ಸಾವಿರ ಅಂತ ಅಂದಾಜು ಹಾಕಿದರು. ಬಣ್ಣ ಹಳತಾಗಿದೆಯಲ್ಲ ಅಂದರು. ರಿಸರ್ವ್, ಅಂದರೆ ಇದಕ್ಕಿಂತ ಕಡಿಮೆಗೆ ಕೊಡಲ್ಲ ಅನ್ನುವ ಬೆಲೆ, 5,500 ಇಟ್ಟೆ. ಹಾಲ್‌ನಲ್ಲಿ ಸ್ಟಾರ್ಟ್ ಮಾಡುವ ಹಾಗಿಲ್ಲ, ಟ್ಯಾಂಕಲ್ಲಿ ಪೆಟ್ರೋಲ್ ಇರುವ ಹಾಗಿಲ್ಲ. ಖಾಲಿ ಟ್ಯಾಂಕ್ ನನಗೆ ಒಳ್ಳೆಯದೇ ಆಯಿತು. ನೋಡಲು ಬಂದವರ ಕೈಗೆ ಟಾರ್ಚ್ ಕೊಟ್ಟು, ಒಳಗೆ ನೋಡಿ ಅಂತಿದ್ದೆ. ಬೂದು ಬಣ್ಣದ ಬರೀ ಕಬ್ಬಿಣ. ಆಮೇಲೆ ಎಂಜಿನ್ ಒಳಗಿನವರೆಗೂ ಬಿಚ್ಚಿದ್ದಕ್ಕೆ ಸಾಕ್ಷಿಯಾಗಿ ಆ ಸ್ಲಜ್ ಬಾಟಲಿ ತೋರಿಸುತ್ತಿದ್ದೆ. ಪಕ್ಕದಲ್ಲೇ ಇನ್ನೊಂದು ಬೊನೆವಿಲ್ ಇತ್ತು, ಬಣ್ಣ ಕನ್ನಡಿ ಥರ, ಮುಖ ನೋಡಿಕೊಳ್ಳಬಹುದು. ಅದು ರಿಸರ್ವ್ ಮುಟ್ಟದೆ ವಾಪಸ್ ಹೋಯಿತು. ನನ್ನದಕ್ಕೆ ಏಳು ಸಾವಿರದ ನಂತರ ಇಬ್ಬರೇ ಉಳಿದರು, ಒಬ್ಬರು ಫೋನಿನಲ್ಲಿ.

ಲಾಭ ಕೇಳಬೇಡಿ ಅನ್ನಲ್ಲ, ಕೇಳಿ. ಕಮಿಷನ್ 15 ಪರ್ಸೆಂಟ್, ಅದರ ಮೇಲೆ ವ್ಯಾಟ್, ಅಲ್ಲಿಗೆ ಸುಮಾರು 1,550 ಹೋಯಿತು. ಎಂಟ್ರಿ ಫೀಸ್, ವ್ಯಾನ್ ಬಾಡಿಗೆ 150. ಕೈಯಲ್ಲಿ ಉಳಿದಿದ್ದು ನಾನೂರು ಪೌಂಡ್. ಹೆಂಡತಿ ಗಂಟೆಗೆ ಎಷ್ಟಾಯಿತು ಅಂತ ಲೆಕ್ಕ ಹಾಕಿ ನಕ್ಕಳು. ಅವಳಿಗೆ ಚಾರ್ಜರ್ ವಿಷಯ ಇನ್ನೂ ಹೇಳಿಲ್ಲ.

ಸೀಲರ್ ಸುರಿ ಅಂದಿದ್ದ ಗೆಳೆಯ ಹೋದ ಭಾನುವಾರ ತನ್ನ ನಾರ್ಟನ್ ಬೈಕಿನ ಟ್ಯಾಂಕ್ ಹೊತ್ತು ತಂದ. ಒಳಗಿನ ತುಕ್ಕೇ ತೂತು ಮುಚ್ಚಿರುತ್ತೆ ಮಾರಾಯ, ನನ್ನ ಮೇಲೆ ಹಾಕಬೇಡ, ಮೊದಲು ನೀರು ತುಂಬಿಸಿ ಒಂದು ರಾತ್ರಿ ಪೇಪರ್ ಮೇಲಿಟ್ಟು ನೋಡು ಅಂತ ವಾಪಸ್ ಕಳಿಸಿದೆ. ಬೆಳಿಗ್ಗೆ ಫೋಟೊ ಕಳಿಸಿದ್ದಾನೆ. ಪೇಪರ್ ಒದ್ದೆ.