ಇಸಿಜಿ ಕೋಣೆಯಲ್ಲಿ ಬೇಡದ ಮಾತು ಬಂದರೆ: ಆಗ ಏನು ಮಾಡಬೇಕು, ಆಮೇಲೆ ಏನು?

ನಾಲ್ಕು ವರ್ಷದ ಹಿಂದಿನ ಮಾತು. ಸಣ್ಣದೊಂದು ಆಪರೇಷನ್‌ಗೆ ಮುಂಚೆ ಇಸಿಜಿ ಮಾಡಿಸಿಕೊಂಡು ಬನ್ನಿ ಎಂದು ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದರು. ಮನೆ ಹತ್ತಿರದ ಲ್ಯಾಬ್‌ಗೆ ಹೋದೆ. ಕೋಣೆಯಲ್ಲಿ ನಾನು, ಟೆಕ್ನಿಷಿಯನ್ ಇಬ್ಬರೇ. ಎದೆಯ ಮೇಲಿನ ಬಟ್ಟೆ ಸರಿಸಿ ಮಲಗಿದ್ದೆ. ಆತ ತಂತಿ ಅಂಟಿಸುತ್ತಾ, "ಮದುವೆ ಆಗಿಲ್ವಾ? ಮೈಕಟ್ಟು ನೋಡಿದ್ರೆ ಹಾಗನ್ನಿಸಲ್ಲ" ಎಂದು ನಕ್ಕ. ನನಗೆ ಬಾಯೇ ಬರಲಿಲ್ಲ. ಮೇಲಿದ್ದ ಫ್ಯಾನ್ ನೋಡುತ್ತಾ ಮಲಗಿದ್ದೆ. ಆಮೇಲೆ ದುಡ್ಡು ಕೊಟ್ಟು, ರಿಪೋರ್ಟ್ ತಗೊಂಡು, ಥ್ಯಾಂಕ್ಸ್ ಅಂತಲೂ ಹೇಳಿ ಬಂದೆ. ಆ ಥ್ಯಾಂಕ್ಸ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಕ್ಕನಿಗೆ ಹೇಳಿದ್ದು ಹದಿನೈದು ದಿನ ಕಳೆದ ಮೇಲೆ. ಅಷ್ಟರಲ್ಲಿ ಆತನ ಹೆಸರು ಮರೆತಿತ್ತು. ಏನು ಹೇಳಿದ ಅನ್ನುವುದು ನೆನಪಿತ್ತು, ಯಾವ ಕ್ರಮದಲ್ಲಿ ಹೇಳಿದ ಅನ್ನುವುದು ಮಸುಕಾಗಿತ್ತು. ಲ್ಯಾಬ್‌ನ ಮ್ಯಾನೇಜರ್ "ನಮ್ಮ ಹುಡುಗ ಅಂಥವನಲ್ಲ ಮೇಡಂ" ಎಂದಾಗ ನನ್ನ ಕೈಯಲ್ಲಿ ಇದ್ದದ್ದು ಬಿಲ್ ಒಂದೇ. ಆಗ ಗೊತ್ತಿಲ್ಲದೆ ಹೋದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಹೋಗುವ ಮುಂಚೆ

ಫೋನ್‌ನಲ್ಲಿ ಸಮಯ ಕೇಳುವಾಗಲೇ "ಲೇಡಿ ಟೆಕ್ನಿಷಿಯನ್ ಇದ್ದಾರಾ, ಎಷ್ಟು ಹೊತ್ತಿಗೆ ಇರ್ತಾರೆ?" ಎಂದು ಕೇಳಿ. ಕಳೆದ ವರ್ಷ ಅಮ್ಮನಿಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವಾಗ ಹಾಗೇ ಕೇಳಿದೆ. ಹನ್ನೊಂದಕ್ಕೆ ಬರ್ತಾರೆ ಎಂದರು, ನಾವೂ ಹನ್ನೊಂದಕ್ಕೇ ಹೋದೆವು. ಇಲ್ಲ ಎಂದರೆ ಒಬ್ಬ ಸಿಸ್ಟರ್ ಅಥವಾ ಆಯಾ ಒಳಗೆ ಇರಲಿ ಎಂದು ಹೇಳಿ. ಇದರಲ್ಲಿ ಸಂಕೋಚ ಬೇಡ. ಹೆಣ್ಣು ರೋಗಿಯನ್ನು ಗಂಡಸು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಎಲ್ಲ ರಾಜ್ಯಗಳಿಗೂ ಕಳಿಸಿದೆ. ಎಕ್ಸ್‌ರೇ ಕೋಣೆಯಲ್ಲಿ ಮಾತ್ರ ವಿಕಿರಣದ ಕಾರಣಕ್ಕೆ ಜೊತೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸುವುದು ಸರಿಯೇ. ಆದರೆ ನಿಮ್ಮನ್ನು ನಿಲ್ಲಿಸಿ ಹೊಂದಿಸುವ ಹೊತ್ತಿನಲ್ಲಿ ಅವರು ಒಳಗೇ ಇರಬಹುದು.

ಮುಂದೆ ಬಟನ್ ಇರುವ ಬಟ್ಟೆ ಹಾಕಿಕೊಂಡು ಹೋಗಿ. ಗೌನ್ ಅಥವಾ ಬೆಡ್‌ಶೀಟ್ ಕೇಳಿ ಪಡೆಯಿರಿ.

ಯಾವುದು ಕೆಲಸದ ಮಾತು, ಯಾವುದು ಅಲ್ಲ

ಇದು ಗೊತ್ತಿಲ್ಲದೆಯೇ ನಾವು ಜಾಸ್ತಿ ಗಲಿಬಿಲಿಗೊಳ್ಳುವುದು. ನನಗನ್ನಿಸಿದ್ದು ತಪ್ಪೋ, ಅವರ ಕೆಲಸವೇ ಹಾಗೋ ಎಂಬ ಅನುಮಾನದಲ್ಲೇ ಹೊತ್ತು ಕಳೆದುಹೋಗುತ್ತದೆ.

ಇಸಿಜಿಗೆ ಹತ್ತು ತಂತಿ ಬೇಕು. ನಾಲ್ಕು ಕೈಕಾಲಿಗೆ, ಆರು ಎದೆಗೆ. ಹೆಂಗಸರಿಗೆ ಎಡಭಾಗದ ಕೆಲವು ತಂತಿ ಸ್ತನದ ಕೆಳಗೆ ಬರುತ್ತವೆ, ಹಾಗಾಗಿ ಬಟ್ಟೆ ಸರಿಸಿ ಎನ್ನುವುದು ಕೆಲಸದ ಮಾತು. ಎದೆಯ ಎಕ್ಸ್‌ರೇಗೆ ಸರ, ಹುಕ್ ಇರುವ ಒಳಬಟ್ಟೆ ತೆಗೆಯಿರಿ ಎನ್ನುವುದೂ ಅಷ್ಟೇ, ಲೋಹ ಚಿತ್ರದಲ್ಲಿ ಬೀಳುತ್ತದೆ. "ಕೊನೆಯ ಮುಟ್ಟು ಯಾವಾಗ? ಗರ್ಭಿಣಿ ಇರಬಹುದಾ?" ಎಂದು ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗೆ ಮುಂಚೆ ಕೇಳಲೇಬೇಕು. ಮ್ಯಾಮೊಗ್ರಾಮ್‌ನಲ್ಲಿ (ಸ್ತನ ಕ್ಯಾನ್ಸರ್ ಪತ್ತೆಗೆ ಮಾಡುವ ಎಕ್ಸ್‌ರೇ) ಸ್ತನವನ್ನು ಕೈಯಿಂದ ಹಿಡಿದು ಎರಡು ಪ್ಲೇಟ್ ನಡುವೆ ಕೂರಿಸದೆ ಚಿತ್ರ ಬರುವುದಿಲ್ಲ.

ಆದರೆ ನಿಮ್ಮ ಮೈ ಹೇಗಿದೆ, ಬಣ್ಣ ಹೇಗಿದೆ, ಯಾಕೆ ಇನ್ನೂ ಮದುವೆಯಾಗಿಲ್ಲ, ಗಂಡ ಏನನ್ನುತ್ತಾನೆ, ಯಾವ ಜನ, ಇಷ್ಟು ದಪ್ಪ ಇದ್ದರೆ ಹೇಗೆ ಅನ್ನುವುದು ಯಾವ ಟೆಸ್ಟಿಗೂ ಬೇಕಿಲ್ಲ. ಫಾರಂನಲ್ಲಿ ಬರೆದುಕೊಟ್ಟ ನಂಬರಿಗೆ ಸಂಜೆ "ಹಾಯ್" ಎಂದು ವಾಟ್ಸ್ಆ್ಯಪ್ ಬಂದರೆ ಅದೂ ಬೇಡದ ಮಾತೇ. ನಂಬರ್ ಕೊಟ್ಟದ್ದು ರಿಪೋರ್ಟ್‌ಗೆ.

ಅನುಮಾನ ಬಂದಾಗ "ಇದು ಟೆಸ್ಟಿಗೆ ಯಾಕೆ ಬೇಕು?" ಎಂದು ಕೇಳಿ. ಕೆಲಸದ ಮಾತಾಗಿದ್ದರೆ ಒಂದೇ ವಾಕ್ಯದಲ್ಲಿ ಉತ್ತರ ಬರುತ್ತದೆ.

ಆ ಕ್ಷಣದಲ್ಲಿ

ಉದ್ದ ಮಾತು ಆಗ ಹೊಳೆಯುವುದಿಲ್ಲ. ಎರಡು ವಾಕ್ಯ ಮನೆಯಲ್ಲೇ ಬಾಯಿಪಾಠ ಮಾಡಿಕೊಳ್ಳಿ. "ಆ ಮಾತು ಬೇಡ, ಟೆಸ್ಟ್ ಮಾಡಿ." ಮತ್ತೂ ಮುಂದುವರಿದರೆ, "ನಿಲ್ಲಿಸಿ, ಸಿಸ್ಟರ್‌ನ ಕರೀರಿ."

ನಿಲ್ಲಿಸಿದರೆ ಏನಾದರೂ ಅಪಾಯವೇ? ಇಸಿಜಿ ತಂತಿ ಕಿತ್ತರೆ ಶಾಕ್ ಹೊಡೆಯುವುದಿಲ್ಲ. ಆ ಯಂತ್ರ ನಿಮ್ಮ ಹೃದಯದ ಮಿಡಿತವನ್ನು ಬರೆದುಕೊಳ್ಳುತ್ತದೆ ಅಷ್ಟೇ, ಮೈಗೆ ಏನನ್ನೂ ಬಿಡುವುದಿಲ್ಲ. ಎದ್ದು ಕೂತು ಬಟ್ಟೆ ಸರಿಮಾಡಿಕೊಳ್ಳಬಹುದು. ಎಂಆರ್‌ಐನಲ್ಲಿ ಕೈಗೆ ಒಂದು ರಬ್ಬರ್ ಬಲ್ಬ್ ಕೊಡುತ್ತಾರೆ. ಅದನ್ನು ಒತ್ತಿದರೆ ಹೊರಗೆ ಸದ್ದಾಗುತ್ತದೆ, ಸ್ಕ್ಯಾನ್ ನಿಲ್ಲಿಸಿ ಹೊರಗೆ ತರುತ್ತಾರೆ. ರಕ್ತ ತೆಗೆಯುವಾಗ ಮಾತ್ರ ಸೂಜಿ ಹೊರಬರುವವರೆಗೆ ಕೈ ಅಲ್ಲಾಡಿಸಬೇಡಿ.

ಭಯವಾಯಿತು, ಬಾಯಿ ಬರಲಿಲ್ಲ ಅಂದರೆ ಅದು ನಿಮ್ಮ ತಪ್ಪಲ್ಲ. ಸುಮ್ಮನಿದ್ದದ್ದು ಒಪ್ಪಿಗೆಯಲ್ಲ. ದೂರು ಕೊಡುವ ಹಕ್ಕು ಹಾಗೇ ಇರುತ್ತದೆ. ಕೋಣೆಯಲ್ಲಿ ಒಬ್ಬರೇ ಇದ್ದು ಜಗಳಕ್ಕೆ ಧೈರ್ಯ ಸಾಲದಿದ್ದರೆ ಮೊದಲು ಹೊರಗೆ ಬನ್ನಿ.

ಹೊರಗೆ ಬಂದ ಕೂಡಲೇ ಬರೆಯಿರಿ

ನಾನು ಎಡವಿದ್ದು ಇಲ್ಲೇ. ಆಟೊದಲ್ಲೋ ಬಸ್ಸಿನಲ್ಲೋ ಕೂತು ಫೋನ್‌ನಲ್ಲೇ ಟೈಪ್ ಮಾಡಿ. ಆತ ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. "ಅಸಭ್ಯವಾಗಿ ಮಾತಾಡಿದರು" ಎಂದು ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಕೋಟ್‌ನ ಬ್ಯಾಡ್ಜ್ ಮೇಲಿನ ಹೆಸರು, ಹೆಸರಿಲ್ಲದಿದ್ದರೆ ಚಹರೆ, ಕೋಣೆಯ ನಂಬರ್, ಹೊತ್ತು, ಒಳಗೆ ಮತ್ತ್ಯಾರಿದ್ದರು, ನೀವು ಏನು ಹೇಳಿದಿರಿ, ಎಲ್ಲ ಇರಲಿ. ಅದನ್ನೇ ನಂಬಿಕೆಯ ಒಬ್ಬರಿಗೆ ಅವತ್ತೇ ಕಳಿಸಿ. ಆ ಮೆಸೇಜಿನ ತಾರೀಕು, ಸಮಯ ಮುಂದೆ ನಿಮ್ಮ ಬೆನ್ನಿಗೆ ನಿಲ್ಲುತ್ತದೆ. ಬಿಲ್, ಟೋಕನ್ ಚೀಟಿ ಎಸೆಯಬೇಡಿ. ಇಸಿಜಿ ಕಾಗದದ ಮೇಲೆ ತೆಗೆದ ಸಮಯ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ವಾಟ್ಸ್ಆ್ಯಪ್ ಬಂದಿದ್ದರೆ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ, ಉತ್ತರ ಕೊಡಬೇಡಿ.

ದೂರು ಹೀಗಿದ್ದರೆ ಸಾಕು (ಇದರಲ್ಲಿ ಬರುವ ಆಂತರಿಕ ಸಮಿತಿ ಎಂದರೆ ಇಂಥ ದೂರು ವಿಚಾರಿಸಲು ಸಂಸ್ಥೆಯೊಳಗೇ ಇರುವ ಸಮಿತಿ):

"ಇದೇ ತಿಂಗಳ 12ರಂದು ಬೆಳಿಗ್ಗೆ 10.40ಕ್ಕೆ ನಿಮ್ಮಲ್ಲಿ ಇಸಿಜಿ ಮಾಡಿಸಿಕೊಂಡೆ. ಬಿಲ್ ಪ್ರತಿ ಜೊತೆಗಿದೆ. ನಾನು ಬಟ್ಟೆ ಸರಿಸಿ ಮಲಗಿದ್ದಾಗ ಟೆಕ್ನಿಷಿಯನ್ ಈ ಮಾತು ಹೇಳಿದರು: (ಆಡಿದ ಮಾತು). ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಈ ಮಾತಿನಿಂದ ನನಗೆ ಅವಮಾನವಾಗಿದೆ. ಇದನ್ನು ಲೈಂಗಿಕ ಕಿರುಕುಳದ ದೂರಾಗಿ ಆಂತರಿಕ ಸಮಿತಿಯ ಮುಂದಿಡಿ. ಅಂದಿನ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಉಳಿಸಿ. ದೂರು ತಲುಪಿದ್ದಕ್ಕೆ ಸಹಿ, ಸೀಲ್ ಹಾಕಿ ಒಂದು ಪ್ರತಿ ಕೊಡಿ."

ಸಿಸಿಟಿವಿ ಮಾತು ಮರೆಯಬೇಡಿ. ಕೋಣೆಯೊಳಗೆ ಕ್ಯಾಮೆರಾ ಇರುವುದಿಲ್ಲ, ಇರಲೂಬಾರದು. ಆದರೆ ನೀವು ಎಷ್ಟು ಹೊತ್ತಿಗೆ ಒಳಗೆ ಹೋದಿರಿ, ಯಾರಿದ್ದರು, ಹೇಗೆ ಹೊರಬಂದಿರಿ ಅನ್ನುವುದು ವರಾಂಡದ ಕ್ಯಾಮೆರಾದಲ್ಲಿರುತ್ತದೆ. ಕೆಲವು ದಿನ ಕಳೆದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ.

ದೂರು ಯಾರಿಗೆ?

ಪೋಷ್ ಕಾಯ್ದೆ, ಅಂದರೆ ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ, ಆಫೀಸಿಗೆ ಹೋಗುವ ಹೆಂಗಸರಿಗೆ ಮಾತ್ರ ಎಂದು ನಾನೂ ನಂಬಿದ್ದೆ. ಹಾಗಲ್ಲ. 2013ರ ಈ ಕಾಯ್ದೆಯಲ್ಲಿ ದೂರು ಕೊಡುವವಳು ಅಲ್ಲಿ ಕೆಲಸಕ್ಕಿರಬೇಕು ಎಂದಿಲ್ಲ, ಯಾವ ವಯಸ್ಸಿನವಳೂ ಆಗಬಹುದು. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳನ್ನು ಕೆಲಸದ ಸ್ಥಳವೆಂದು ಹೆಸರಿಸಿಯೇ ಹೇಳಿದೆ. ಆರೋಗ್ಯ ಸೇವೆ ಕೊಡುವ ಖಾಸಗಿ ಸಂಸ್ಥೆಗಳೂ ಇದರೊಳಗೆ ಬರುತ್ತವೆ. ಲೈಂಗಿಕ ಬಣ್ಣದ ಮಾತು ಆಡುವುದೇ ಕಿರುಕುಳ, ಮುಟ್ಟಿರಬೇಕು ಎಂದಿಲ್ಲ.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಅಲ್ಲಿ ಆಂತರಿಕ ಸಮಿತಿ ಇರಲೇಬೇಕು. ನಮ್ಮ ಊರುಗಳ ಎಷ್ಟೋ ಲ್ಯಾಬ್‌ಗಳಲ್ಲಿ ಇರುವುದೇ ನಾಲ್ಕೈದು ಜನ. ಕೆಲವು ಕಡೆ ಟೆಕ್ನಿಷಿಯನ್ನೇ ಮಾಲೀಕ. ಆಗ ಅವರಿಗೇ ದೂರು ಕೊಟ್ಟು ಏನು ಬಂತು? ಅಂಥ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ ಶಿ-ಬಾಕ್ಸ್ ಜಾಲತಾಣದಲ್ಲೂ ದೂರು ದಾಖಲಿಸಬಹುದು.

ಘಟನೆಯಾಗಿ ಮೂರು ತಿಂಗಳೊಳಗೆ ದೂರು ಲಿಖಿತವಾಗಿ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಳ್ಳಲು ಸಮಿತಿಯೇ ನೆರವಾಗಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ನಿಮ್ಮ ಹೆಸರು ಹೊರಗೆ ಹೋಗಬಾರದು.

ಇನ್ನೊಂದು ದಾರಿ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಇದರಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಆ ಲ್ಯಾಬ್‌ಗೆ ನೋಂದಣಿ ಕೊಡುವವರೂ ಅವರೇ, ಹಾಗಾಗಿ ಅಲ್ಲಿಂದ ಬಂದ ಪತ್ರವನ್ನು ಯಾರೂ ಮೇಜಿನ ಕೆಳಗೆ ತಳ್ಳುವುದಿಲ್ಲ. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಿ, ಸಂಸ್ಥೆಯ ಕೆಪಿಎಂಇ ನೋಂದಣಿ ನಂಬರ್ ಬರೆಯಿರಿ. ಗಂಡಸರಿಗೂ ಈ ದಾರಿ ಇದೆ. ಅವರಿಗೂ ಇಂಥ ಮಾತು ಬರುತ್ತದೆ, ಪೋಷ್ ಕಾಯ್ದೆಯಲ್ಲಿ ಅವರು ದೂರು ಕೊಡಲಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಾದರೆ ತಾಲ್ಲೂಕಿನಲ್ಲಿ ಆಡಳಿತ ವೈದ್ಯಾಧಿಕಾರಿ, ಜಿಲ್ಲೆಯಲ್ಲಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಕೊಡಿ. ಮೆಡಿಕಲ್ ಕೌನ್ಸಿಲ್‌ಗೆ ಬರೆದು ಕಾಯಬೇಡಿ, ಅದು ಡಾಕ್ಟರುಗಳ ಮೇಲಿನ ದೂರಿಗೆ.

ಪೊಲೀಸರ ಹತ್ತಿರ

ಮುಟ್ಟಬಾರದ ರೀತಿ ಮುಟ್ಟಿದರೆ, ಫೋಟೊ ತೆಗೆದರೆ, ಹಿಂಬಾಲಿಸಿದರೆ ಸಮಿತಿಗೆ ಕಾಯುವುದು ಬೇಡ, 112ಕ್ಕೆ ಕರೆ ಮಾಡಿ. ಬರೀ ಮಾತಿಗೂ ಭಾರತೀಯ ನ್ಯಾಯ ಸಂಹಿತೆಯಲ್ಲಿ (ಐಪಿಸಿ ಬದಲಿಗೆ ಬಂದ ಅಪರಾಧ ಕಾನೂನು) ಜಾಗವಿದೆ. ಲೈಂಗಿಕ ಬಣ್ಣದ ಮಾತಿಗೆ 75ನೇ ಸೆಕ್ಷನ್, ಒಂದು ವರ್ಷದವರೆಗೆ ಶಿಕ್ಷೆ. ಹೆಣ್ಣಿನ ಮರ್ಯಾದೆಗೆ ಕುಂದು ತರುವ ಮಾತು, ಸನ್ನೆಗೆ 79ನೇ ಸೆಕ್ಷನ್, ಮೂರು ವರ್ಷದವರೆಗೆ. ಇಂಥ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಯಾವ ಠಾಣೆಗೆ ಬೇಕಾದರೂ ಹೋಗಬಹುದು. ಮಹಿಳಾ ಸಹಾಯವಾಣಿ 181. ಹದಿನೆಂಟರ ಒಳಗಿನ ಮಗುವಿಗೆ ಆಗಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬರುತ್ತದೆ. ಆಗ "ಹೋಗಲಿ ಬಿಡಿ" ಎಂದು ಮುಚ್ಚಿಡುವ ಹಾಗಿಲ್ಲ, ತಿಳಿದವರು ತಿಳಿಸಲೇಬೇಕು.

ಸುಮ್ನೆ ಬಿಟ್ಟುಬಿಡಿ ಅಂದಾಗ

ಅನ್ನುತ್ತಾರೆ. ನನಗೆ ಮುಂದಿನ ಟೆಸ್ಟ್ ಫ್ರೀ ಮಾಡಿಕೊಡ್ತೀವಿ ಎಂದರು. ಬೇಡ ಎಂದೆ. ರಾಜಿ ಬೇಕೋ ಬೇಡವೋ ಹೇಳುವವಳು ನೀವು, ಪೋಷ್ ಕಾಯ್ದೆಯಲ್ಲಿ ದುಡ್ಡಿನ ಮೇಲೆ ರಾಜಿ ಮಾಡಿಸುವಂತೆಯೇ ಇಲ್ಲ. ಸಾಬೀತಾಗದಿದ್ದರೆ ನಿಮ್ಮ ಮೇಲೇ ಕೇಸ್ ಆಗುತ್ತೆ ಎಂದೂ ಹೆದರಿಸಬಹುದು. ಸಾಕ್ಷಿ ಸಾಲಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ. ನನ್ನ ದೂರಿಗೆ ಕೊನೆಗೆ ಸಿಕ್ಕಿದ್ದು ಇಷ್ಟು: ಇಸಿಜಿ ಕೋಣೆಯ ಬಾಗಿಲಿಗೆ "ಮಹಿಳಾ ರೋಗಿಗಳ ಜೊತೆ ಮಹಿಳಾ ಸಹಾಯಕಿ ಇರುತ್ತಾರೆ" ಎಂಬ ಬೋರ್ಡ್. ತಡವಾಗಿ ಬರೆದ ಒಂದು ಪುಟಕ್ಕೆ ಅಷ್ಟು ಬಂತು.

ಕೊನೆಯದಾಗಿ, ಟೆಸ್ಟ್ ಬಿಡಬೇಡಿ. ಒಮ್ಮೆ ಹೀಗಾದ ಮೇಲೆ ಮ್ಯಾಮೊಗ್ರಾಮ್‌ಗೆ ಮತ್ತೆ ಹೋಗದ ಹೆಂಗಸರನ್ನು ನಾನು ಬಲ್ಲೆ, ಅದನ್ನು ನೆನೆದರೆ ನನಗೆ ಭಯವಾಗುತ್ತದೆ. ಅರ್ಧಕ್ಕೆ ನಿಂತ ಟೆಸ್ಟಿನ ದುಡ್ಡು ವಾಪಸ್ ಕೇಳಿ, ಆಗಿರುವ ರಿಪೋರ್ಟ್ ಕೇಳಿ ಪಡೆಯಿರಿ. ಬಾಕಿಯದನ್ನು ಅದೇ ವಾರ ಬೇರೆ ಕಡೆ ಮಾಡಿಸಿ. ಡಾಕ್ಟರ್ ಚೀಟಿ, ಹಳೆಯ ರಿಪೋರ್ಟ್ ಜೊತೆಗಿರಲಿ. ಅಲ್ಲಿ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಕಾರಣ ಹೇಳಬೇಕೆಂದೇನೂ ಇಲ್ಲ.