ಹಳೇ ಜೀಪಿನ ಎಂಜಿನ್ನನ್ನು ಸ್ಟ್ಯಾಂಡಿಗೆ ಏರಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಶೆಡ್ಡುಗಳಲ್ಲಿ ಹಳೇ ಮಹೀಂದ್ರ ಸಿಜೆ3ಬಿ ಪೆಟ್ರೋಲ್ ಜೀಪು ಇಟ್ಟುಕೊಂಡವರು ಇನ್ನೂ ಇದ್ದಾರೆ. ಅದರ ಹೊಟ್ಟೆಯಲ್ಲಿರುವುದು ವಿಲ್ಲೀಸ್ ಮೂಲದ ಹರಿಕೇನ್ ಎಂಜಿನ್. 4 ಸಿಲಿಂಡರ್, 2199 ಸಿಸಿ, ಬ್ಲಾಕ್ ಪೂರಾ ಬೀಡು. ತೂಕ ಒಂದೂವರೆ ಕ್ವಿಂಟಲ್ ಮೀರುತ್ತದೆ. ಇದನ್ನು ನೆಲದ ಮೇಲೆ, ಹಳೇ ಟೈರಿನ ಮೇಲೆ ಇಟ್ಟು ಬಿಚ್ಚುವ ಬದಲು ಹಿಂಭಾಗದಿಂದ ಹಿಡಿದು ಬೇಕಾದಂತೆ ತಿರುಗಿಸಬಹುದಾದ ಸ್ಟ್ಯಾಂಡಿಗೆ ಏರಿಸಿದರೆ ಕೆಲಸವೂ ಶುದ್ಧ, ಸೊಂಟವೂ ಕ್ಷೇಮ. ಆದರೆ ಅಷ್ಟೂ ಭಾರ ಹಿಂಭಾಗದ ನಾಲ್ಕು ಬೋಲ್ಟುಗಳ ಮೇಲೆ ನೇತಾಡುತ್ತದೆ. ಆ ನಾಲ್ಕು ಬೋಲ್ಟುಗಳಿಗೆ ಅರ್ಧ ದಿನ ಖರ್ಚಾದರೂ ಅದು ದಂಡವಲ್ಲ.

ಸ್ಟ್ಯಾಂಡ್ ಮತ್ತು ಜಾಗ

450 ಕೆಜಿ ತಡೆಯುವ, ನಾಲ್ಕು ಚಕ್ರದ ಸ್ಟ್ಯಾಂಡ್ ತೆಗೆದುಕೊಳ್ಳಿ. ಮುಂದೆ ಒಂದೇ ಚಕ್ರವಿರುವುದು ಅಗ್ಗ, ಆದರೆ ನೆಲದ ಸಣ್ಣ ಬಿರುಕಿಗೆ ಚಕ್ರ ಸಿಕ್ಕಿಕೊಂಡರೂ ಪಕ್ಕಕ್ಕೆ ಮಗುಚುತ್ತದೆ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವವರು ಎಂಜಿನ್ ಹೊರುವ ಕೊಳವೆಯನ್ನು ಸ್ವಲ್ಪ ಮೇಲ್ಮುಖವಾಗಿ ಕೂರಿಸಲು ಹೇಳಿ. ಭಾರ ಬಿದ್ದಾಗ ಎಂಜಿನ್ನಿನ ಮೂತಿ ತುಸು ಕೆಳಗಿಳಿಯುತ್ತದೆ, ಆಗ ಮಟ್ಟ ಸರಿಹೋಗುತ್ತದೆ.

ಕಾಫಿ ಒಣಗಿಸುವ ಕಣ ನುಣ್ಣಗಿದೆಯೆಂದು ಅಲ್ಲಿ ಕೆಲಸ ಹೂಡಬೇಡಿ. ಮಳೆನೀರು ಹರಿದುಹೋಗಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಸ್ಟ್ಯಾಂಡ್ ತಾನೇ ಉರುಳತೊಡಗುತ್ತದೆ. ಮಟ್ಟಸವಾದ ಸಿಮೆಂಟ್ ನೆಲದ ಶೆಡ್ಡೇ ಬೇಕು. ಹಾಗೆಯೇ ಚೈನ್ ಪುಲ್ಲಿಯನ್ನು ಹೆಂಚಿನ ಮಾಡಿನ ಮರದ ತೊಲೆಗೆ ಕಟ್ಟಕೂಡದು. ಗೆದ್ದಲು ಒಳಗೊಳಗೇ ತಿಂದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕಬ್ಬಿಣದ ಮುಕ್ಕಾಲಿ ಅಥವಾ ಬಾಡಿಗೆಯ ಎಂಜಿನ್ ಕ್ರೇನ್ ಬಳಸಿ.

ಎತ್ತುವ ಮೊದಲು

ಕ್ರ್ಯಾಂಕ್ ಪುಲ್ಲಿಯ ನಟ್ಟನ್ನು ಎಂಜಿನ್ ಜೀಪಿನಲ್ಲಿರುವಾಗಲೇ, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಸಡಿಲಿಸಿ. ಸ್ಟ್ಯಾಂಡಿನ ಮೇಲೆ ಅದಕ್ಕೆ ಉದ್ದದ ಪೈಪ್ ಹಾಕಿ ಎಳೆದರೆ ಸ್ಟ್ಯಾಂಡೇ ಉರುಳುತ್ತದೆ. ಆಯಿಲ್, ರೇಡಿಯೇಟರ್ ಮತ್ತು ಬ್ಲಾಕಿನ ನೀರು ಎರಡನ್ನೂ ಖಾಲಿ ಮಾಡಿ. ಬ್ಲಾಕಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ತುಕ್ಕಿನ ಕೆಸರು ಕಟ್ಟಿದೆಯೆಂದು ಅರ್ಥ, ತಂತಿ ಹಾಕಿ ಕೆದಕಿ. ಡೈನಮೋ, ಸ್ಟಾರ್ಟರ್, ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಕಳಚಿ. ಹೊರಮೈಯನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ತೊಳೆದು ಒರೆಸಿ.

ಸರಪಳಿಯನ್ನು ಹೆಡ್ಡಿನ ಎದುರುಬದುರು ಮೂಲೆಗಳಿಗೆ, ಒಂದು ಮುಂದೆ ಒಂದು ಹಿಂದೆ ಬರುವಂತೆ ಬಿಗಿಯಿರಿ. ಎರಡು ಎಳೆಗಳೂ ನೆಲಮಟ್ಟಕ್ಕೆ 60 ಡಿಗ್ರಿಗಿಂತ ಕಡಿದಾಗಿರಲಿ. ಸರಪಳಿ ಗಿಡ್ಡವಾಗಿ ಕೋನ 30 ಡಿಗ್ರಿಗೆ ಇಳಿದರೆ ಒಂದೊಂದು ಎಳೆಯ ಮೇಲೂ ಎಂಜಿನ್ನಿನ ಪೂರ್ತಿ ತೂಕದಷ್ಟು ಎಳೆತ ಬೀಳುತ್ತದೆ.

ಎಂಜಿನ್ ತೂಗುತ್ತಿರುವಾಗಲೇ ಕ್ಲಚ್ ಮತ್ತು ಫ್ಲೈವೀಲ್ ಬಿಚ್ಚಬೇಕು, ಸ್ಟ್ಯಾಂಡಿಗೆ ಏರಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಬಿಚ್ಚುವ ಮೊದಲು ಫ್ಲೈವೀಲಿಗೂ ಕ್ರ್ಯಾಂಕಿನ ಫ್ಲಾಂಜಿಗೂ, ಪ್ರೆಶರ್ ಪ್ಲೇಟಿಗೂ ಫ್ಲೈವೀಲಿಗೂ ಪಂಚಿನಿಂದ ಜೋಡಿ ಗುರುತು ಹೊಡೆಯಿರಿ. ತಿರುವಿ ಕೂರಿಸಿದರೆ ಬ್ಯಾಲೆನ್ಸ್ ಕೆಟ್ಟು ಎಂಜಿನ್ ನಡುಗುತ್ತದೆ.

ಬೋಲ್ಟು: ಇಲ್ಲಿ ನಿಧಾನ

ಈ ಎಂಜಿನ್ನಿನ ಥ್ರೆಡ್ಡು ಇಂಚಿನದು. ಅಂಬಾಸಡರಿನ 1489 ಸಿಸಿ ಎಂಜಿನ್ನಿನದೂ ಅಷ್ಟೆ, ಪ್ರೀಮಿಯರ್ ಪದ್ಮಿನಿಯದು ಮಾತ್ರ ಮಿಲಿಮೀಟರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಥಟ್ಟನೆ ಸಿಗುವುದು ಮಿಲಿಮೀಟರ್ ಬೋಲ್ಟೇ ಆದ್ದರಿಂದ ಎಡವಟ್ಟು ಶುರುವಾಗುವುದು ಇಲ್ಲಿಂದ. 5/16 ಇಂಚೆಂದರೆ 7.94 ಮಿಮೀ. 8 ಮಿಮೀ ಬೋಲ್ಟ್ ಆ ತೂತಿಗೆ ಒಂದೆರಡು ಸುತ್ತು ಹೋಗಿಯೇ ಹೋಗುತ್ತದೆ. ಆದರೆ 5/16 ಯುಎನ್‌ಸಿಯಲ್ಲಿ (ದಪ್ಪ ಥ್ರೆಡ್ಡಿನ ಇಂಚಿನ ಅಳತೆ) ಇಂಚಿಗೆ 18 ಥ್ರೆಡ್, 8 ಮಿಮೀ ಬೋಲ್ಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು. ಆಮೇಲೆ ಬಿಗಿಯಾಗುತ್ತದೆ, ಸ್ಪ್ಯಾನರ್ ಹಾಕಿ ಒತ್ತಿದರೆ ಬೀಡಿನ ಥ್ರೆಡ್ಡು ಪುಡಿಯಾಗುತ್ತದೆ. ಥ್ರೆಡ್ಡಿನ ಅಂತರ ಅಳೆಯುವ ಪಿಚ್ ಗೇಜ್ ಹಿಡಿದು ಹಳೇ ಬೆಲ್‌ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಬೋಲ್ಟನ್ನು ಅಳೆದು, ಅದನ್ನೇ ಮಾದರಿಯಾಗಿ ಅಂಗಡಿಗೆ ಒಯ್ಯಿರಿ. ಹೊಸ ಬೋಲ್ಟು ಬರಿಗೈಯಲ್ಲಿ ತಳದವರೆಗೆ ಇಳಿಯಬೇಕು. ಇಳಿಯದಿದ್ದರೆ ಅದೇ ಅಳತೆಯ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ತೂತು ಶುಚಿ ಮಾಡಿ.

ಬೋಲ್ಟಿನ ತಲೆ ನೋಡಿ ಕೊಳ್ಳಿ: ಮೂರು ಗೆರೆಯಿದ್ದರೆ ಗ್ರೇಡ್ 5, ಆರು ಗೆರೆಯಿದ್ದರೆ ಗ್ರೇಡ್ 8. ಮಿಲಿಮೀಟರಿನದಾದರೆ 8.8 ಎಂಬ ಅಚ್ಚು ಇರಬೇಕು. ಗುರುತಿಲ್ಲದ ಬೋಲ್ಟು ಗೇಟಿಗೆ ಸಾಕು, ಎಂಜಿನ್ನಿಗೆ ಬೇಡ.

ಉದ್ದದ ಲೆಕ್ಕ ಹೀಗೆ: ಬೀಡಿನೊಳಗೆ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು ಹಿಡಿತ ಬೇಕು, 3/8 ಇಂಚಿಗೆ ಸುಮಾರು 15 ಮಿಮೀ. ಎಂಜಿನ್ ಹಿಡಿಯುವ ಸ್ಟ್ಯಾಂಡಿನ ಪ್ಲೇಟಿನ ಕೈ 10 ಮಿಮೀ, ವಾಷರ್ 3 ಮಿಮೀ, ಕೈಗೂ ಬ್ಲಾಕಿಗೂ ಮಧ್ಯೆ ಬೋಲ್ಟಿಗೆ ತೊಡಿಸುವ ಪೈಪಿನ ತುಂಡು, ಅಂದರೆ ಬುಶ್, 60 ಮಿಮೀ ಎಂದಾದರೆ ಒಟ್ಟು 88 ಮಿಮೀ, ಅಂದರೆ ಮೂರೂವರೆ ಇಂಚಿನ ಬೋಲ್ಟ್. ತೂತಿನ ಆಳವನ್ನೂ ತಂತಿಯಿಂದ ಅಳೆಯಿರಿ. ಬೋಲ್ಟು ತಳಕ್ಕೆ ತಾಗಿ ನಿಂತರೆ ಬಿಗಿಯಾದಂತೆ ಅನಿಸುತ್ತದೆ, ಪ್ಲೇಟು ಮಾತ್ರ ಸಡಿಲವಾಗಿಯೇ ಇರುತ್ತದೆ.

ಬುಶ್ಶುಗಳನ್ನು ಲೇತಿನಲ್ಲೇ ಕತ್ತರಿಸಿಸಿ. ನಾಲ್ಕೂ ಒಂದೇ ಉದ್ದ, ತುದಿಗಳು ಚೌಕ. ಒಂದು ಗಿಡ್ಡವಾದರೂ ಬಿಗಿಯುವಾಗ ಬ್ಲಾಕಿನ ಕಿವಿ (ಬೋಲ್ಟು ಕೂರುವ ಚಾಚು) ಬಿರುಕು ಬಿಡುವ ಅಪಾಯವಿದೆ. ಕ್ರ್ಯಾಂಕಿನ ಫ್ಲಾಂಜ್ ತಾಗದೆ ತಿರುಗಲು ಬೇಕಾದಷ್ಟೇ ಉದ್ದ ಸಾಕು, ಹೆಚ್ಚಾದಷ್ಟೂ ಬೋಲ್ಟು ಬಾಗುತ್ತದೆ.

ಏರಿಸುವುದು

ಸ್ಟ್ಯಾಂಡಿನ ತಿರುಗುವ ಪ್ಲೇಟನ್ನು ಹೊರಗೆಳೆದು, ತೂಗುತ್ತಿರುವ ಎಂಜಿನ್ನಿಗೆ ಮೊದಲು ಜೋಡಿಸಿ. ಒಂದಕ್ಕೊಂದು ಆದಷ್ಟು ದೂರವಿರುವ ನಾಲ್ಕು ತೂತು ಆರಿಸಿ. ನಾಲ್ಕು ಬೋಲ್ಟನ್ನೂ ಕೈಯಲ್ಲಿ ಹಾಕಿ, ಪ್ಲೇಟಿನ ಕೈಗಳು ಇನ್ನೂ ಸಡಿಲವಿರುವಾಗ, ಕೊಳವೆಯ ನಡುಬಿಂದು ಕ್ರ್ಯಾಂಕಿಗಿಂತ 50ರಿಂದ 75 ಮಿಮೀ ಮೇಲೆ ಬರುವಂತೆ ಹೊಂದಿಸಿ. ಹೆಡ್ಡು ಸಮೇತ ಎಂಜಿನ್ನಿನ ಭಾರದ ಕೇಂದ್ರ ಕ್ರ್ಯಾಂಕಿಗಿಂತ ಮೇಲಿರುತ್ತದೆ. ಕೊಳವೆ ಕೆಳಗಾದರೆ, ತಿರುಗದಂತೆ ತಡೆಯುವ ಪಿನ್ ಎಳೆದ ಕ್ಷಣ ಎಂಜಿನ್ ಗಿರ್ರನೆ ತಲೆಕೆಳಗಾಗಿ ಹಿಡಿಯ ಪೈಪು ಕೈಗೆ ಬಡಿಯುತ್ತದೆ. ಆಮೇಲೆ ಬ್ಲಾಕಿನ ಬೋಲ್ಟುಗಳನ್ನು ಅಡ್ಡಡ್ಡವಾಗಿ ಬಿಗಿಯಿರಿ, 3/8 ಗ್ರೇಡ್ 5ಕ್ಕೆ 30 ಪೌಂಡ್-ಅಡಿ ಸಾಕು. ಕೊನೆಗೆ ಕೈಗಳ ಬೋಲ್ಟು.

ಪ್ಲೇಟಿನ ಹಿಂದಿನ ಕೊಳವೆಗೆ ಗ್ರೀಸ್ ಸವರಿ, ಸ್ಟ್ಯಾಂಡನ್ನೇ ಎಂಜಿನ್ನಿನ ಕಡೆ ತಳ್ಳಿ ಸ್ಟ್ಯಾಂಡಿನ ಕೊಳವೆಯೊಳಗೆ ಸೇರಿಸಿ, ಪಿನ್ ಹಾಕಿ. ಸರಪಳಿಯನ್ನು ಒಮ್ಮೆಲೇ ಬಿಡಬೇಡಿ. ತುಸು ಸಡಿಲಿಸಿ, ಬ್ಲಾಕಿಗೂ ಬುಶ್ಶಿಗೂ ನಡುವೆ ಸಂದು ಬಿಡುತ್ತಿದೆಯೇ ನೋಡಿ. ಕೂದಲೆಳೆಯಷ್ಟು ಕಂಡರೂ ಮತ್ತೆ ಎತ್ತಿ ಬೋಲ್ಟು ತೆಗೆದು ಪರೀಕ್ಷಿಸಿ.

ಏರಿದ ಮೇಲೆ

ತಲೆಕೆಳಗು ಮಾಡುವ ಮೊದಲು ಆಯಿಲ್ ಚೇಂಬರ್ ಬಿಚ್ಚಿ. ಇಲ್ಲದಿದ್ದರೆ ತಳದ ಗಸಿಯೆಲ್ಲ ಬೇರಿಂಗು, ಸಿಲಿಂಡರಿಗೆ ಸುರಿಯುತ್ತದೆ. ಈ ಎಂಜಿನ್ನಿನ ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಇರುವುದರಿಂದ, ಪಕ್ಕಕ್ಕೆ ವಾಲಿಸಿ ಸ್ಪ್ರಿಂಗ್ ತೆಗೆಯುವುದು ಸ್ಟ್ಯಾಂಡಿನಲ್ಲಿ ಬಲು ಸಲೀಸು. ವಾಲ್ವ್ ಕೋಣೆಯ ಆಯಿಲ್ ತೂತುಗಳಿಗೆ ಮೊದಲೇ ಬಟ್ಟೆ ತುರುಕಿ, ವಾಲ್ವಿನ ಸ್ಪ್ರಿಂಗ್ ಹಿಡಿದಿಡುವ ಸಣ್ಣ ಲಾಕು ಜಾರಿದರೆ ನೇರ ಕೆಳಗೆ ಹೋಗುತ್ತದೆ. ಹೆಡ್ಡು, ಕ್ರ್ಯಾಂಕು ಹೋದಂತೆಲ್ಲ ಭಾರದ ಕೇಂದ್ರ ಬದಲಾಗುತ್ತದೆ, ಪ್ರತಿ ಸಲವೂ ಹಿಡಿ ಹಿಡಿದೇ ಪಿನ್ ಎಳೆಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಥಂಡಿಗೆ ಬರಿಯ ಸಿಲಿಂಡರಿಗೆ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಕೂರುತ್ತದೆ. ಕೆಲಸ ನಿಲ್ಲಿಸುವಾಗಲೆಲ್ಲ ಎಂಜಿನ್ ಆಯಿಲ್ ಸವರಿ ಹತ್ತಿಬಟ್ಟೆ ಮುಚ್ಚಿ. ಪ್ಲಾಸ್ಟಿಕ್ ಬಿಗಿದರೆ ಒಳಗೇ ಬೆವರುತ್ತದೆ.

ಮರುಜೋಡಣೆಯಲ್ಲಿ ಹೆಡ್ಡಿನ ಬೋಲ್ಟಿಗೆ 60–70 ಪೌಂಡ್-ಅಡಿ ಕೊಡುವಾಗ ಎಂಜಿನ್ನಿನ ಮುಂಭಾಗಕ್ಕೆ ಜಾಕ್ ಮತ್ತು ಮರದ ತುಂಡು ಆಸರೆ ಕೊಡಿ, ಚಕ್ರಗಳಿಗೆ ಅಡ್ಡ ಇಡಿ. ಫ್ಲೈವೀಲ್, ಕ್ಲಚ್ ಕೂರಿಸುವುದು ಸ್ಟ್ಯಾಂಡಿನಿಂದ ಇಳಿಸಿ ಮತ್ತೆ ಸರಪಳಿಯಲ್ಲಿ ತೂಗುಹಾಕಿದ ಮೇಲೆಯೇ. ಕ್ಲಚ್ ಪ್ಲೇಟ್ ನಡುವಿಗೆ ಬರಲು ಹಳೇ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.